ಕೊನೆಯ ಚೌಕದ ಸೊನ್ನೆ

ಒಂದನ್ನು ಅಳಿಸಿ ಅವಳು ಸೊನ್ನೆ ಒತ್ತಿದಳು. ಮಾಡಿದ್ದು ಅಷ್ಟೇ.

ಪರದೆಯ ಮೇಲಿನ ಉತ್ತರ ಒಮ್ಮೆ ಕಣ್ಣು ಮಿಟುಕಿಸಿತು. ಮೂರು ದಿನಗಳಿಂದ ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಕಾಡುತ್ತಿದ್ದ ಐದು ಪಾಯಿಂಟ್ ಒಂಬತ್ತು ಒಂದು ಹೊರಟುಹೋಗಿ, ಆ ಜಾಗದಲ್ಲಿ ಆರು ಬಂದು ಕೂತಿತು. ಹಿಂದೆ ಚೂರಿಲ್ಲ, ಮುಂದೆ ಚಿಲ್ಲರೆಯಿಲ್ಲ. ಕಾಜಕ್ಕೆ ಸರಿಯಾಗಿ ಕೂತ ಗುಂಡಿಯಂಥ ಆರು.

ಪತ್ತೇದಾರ ಅರ್ಧ ಕುಡಿದ ಕಾಫಿಯನ್ನು ಕೈಯಲ್ಲೇ ಮರೆತು ಹೆಂಡತಿಯ ಹೆಗಲ ಮೇಲಿಂದ ಬಗ್ಗಿ ನೋಡಿದ. ಕಳೆದುಹೋದವರನ್ನೂ ತಲೆ ತಪ್ಪಿಸಿಕೊಂಡವರನ್ನೂ ಹುಡುಕುವುದು ಅವನ ಕಸುಬು. ಆದರೆ ಅಂಕಿಗಳ ಮುಂದೆ ಅವನು ಇವತ್ತಿಗೂ ಬೆಂಚಿನ ಮೇಲೆ ನಿಲ್ಲಿಸಿದ ಹುಡುಗ. ಈ ಸಲವಂತೂ ಕಳ್ಳನೆಂಬ ಹೆಸರು ಹೊತ್ತು ನಿಂತವನು ಅವನನ್ನು ಸಾಕಿ ಬೆಳೆಸಿದ ಸೋದರಮಾವ. ಗುಂಡಿ ಕಾರ್ಖಾನೆಯಲ್ಲಿ ಬಣ್ಣ ಬೆರೆಸುವ ಈ ಮುದುಕ ಎಲ್ಲರ ಬಾಯಲ್ಲೂ ಬಣ್ಣದ ಮಾವ. ಅವನು ನೋಡಿಕೊಳ್ಳುತ್ತಿದ್ದ ಕೆಲಸಗಾರರ ಉಳಿತಾಯ ನಿಧಿಯಲ್ಲಿ ಅರವತ್ತೊಂದು ಸಾವಿರದ ಮುನ್ನೂರ ಐವತ್ತು ಕಾಣೆಯಾಗಿದೆ ಎಂಬ ದೂರು ನಾಳೆ ಬೆಳಿಗ್ಗೆ ಪೊಲೀಸರ ಕೈ ಸೇರಲಿತ್ತು. ಮಾವನೋ, ಬಾಯಿಗೆ ಬೀಗ ಹಾಕಿ ಕೂತಿದ್ದ.

“ಏನೇ ಮಾಡ್ದೆ ಈಗ?”

“ಕೊನೇ ಚೌಕ ನೋಡಿ,” ಎಂದಳು ಹೆಂಡತಿ. “ಅಲ್ಲಿ ಒಂದು ಅಂತಿದ್ರೆ, ದುಡ್ಡು ತಿಂಗಳ ಶುರುವಲ್ಲೇ ಕಟ್ಟಿದ್ದು ಅಂತ ಅರ್ಥ. ಸೊನ್ನೆ ಅಂತಿದ್ರೆ, ತಿಂಗಳ ಕೊನೇಲಿ.”

ಅವಳು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡುವವಳು. ರೇಟ್ ಎನ್ನುವ ಈ ಸೂತ್ರ ಅವಳಿಗೆ ಅಡುಗೆಮನೆಯ ಸೌಟಿನಷ್ಟು ಹಳಬ. ಎಷ್ಟು ಕಂತು, ಒಂದೊಂದು ಕಂತಿಗೆ ಎಷ್ಟು, ಮೊದಲು ಎಷ್ಟಿತ್ತು, ಕೊನೆಗೆ ಕೈಗೆ ಬಂದದ್ದೆಷ್ಟು: ಇವನ್ನು ಒಂದೊಂದು ಚೌಕದಲ್ಲಿಟ್ಟು ಕೇಳಿದರೆ, ನಡುವೆ ದುಡಿದ ಬಡ್ಡಿಯ ದರ ಎಷ್ಟೆಂದು ಅದು ಹುಡುಕಿಕೊಡುತ್ತದೆ. ಕೊಡುವುದು ತಿಂಗಳ ದರ. ಹನ್ನೆರಡರಿಂದ ಗುಣಿಸಿದರೆ ವರ್ಷದ್ದು. ಮೊದಲ ದಿನ ತಾನೇ ಒತ್ತಿ ನೋಡುತ್ತೇನೆಂದು ಕೂತ ಗಂಡ ಎಲ್ಲ ಅಂಕಿಗಳನ್ನೂ ತುಂಬಿ, ಉತ್ತರದ ಜಾಗದಲ್ಲಿ ಬಂದ ತಪ್ಪಿನ ಗುರುತನ್ನು ನೋಡಿ ಕಂಪ್ಯೂಟರ್ ಕೆಟ್ಟಿದೆ ಎಂದು ಸಾರಿದ್ದ.

“ಕಟ್ಟಿದ್ದೂ ನಿಮಗೆ ಬಂದಿದ್ದು, ಕೊನೇಲಿ ಸಿಕ್ಕಿದ್ದೂ ನಿಮಗೆ ಬಂದಿದ್ದು ಅಂದ್ರೆ ಹೇಗ್ರೀ?” ಎಂದು ಅವಳು ಆಗ ನಕ್ಕಿದ್ದಳು. “ಕೈಯಿಂದ ಹೋಗಿದ್ದಕ್ಕೆ ಕಳೆಯೋ ಗುರುತು ಹಾಕ್ಬೇಕು. ಏನೂ ಕೊಡದೆ ಬಡ್ಡಿ ಬಂತು ಅಂದ್ರೆ ಅದು ಪಾಪ ಎಲ್ಲಿಂದ ನಂಬುತ್ತೆ.”

ಲೆಕ್ಕ ತಪಾಸಣೆಗೆ ಬಂದವನ ತಪ್ಪೂ ದೊಡ್ಡದೇನಲ್ಲ. ನಿಧಿಯ ನಿಯಮ ಹೇಳುವುದು ಹೀಗೆ: ಪ್ರತಿ ಸದಸ್ಯ ತಿಂಗಳ ಒಂದನೇ ತಾರೀಖು ಐನೂರು ಕಟ್ಟಬೇಕು, ಕಾರ್ಖಾನೆ ವರ್ಷಕ್ಕೆ ಆರರಂತೆ ಬಡ್ಡಿ ಸೇರಿಸಿ ಹತ್ತು ವರ್ಷದ ಮೇಲೆ ಒಟ್ಟಿಗೆ ಕೊಡುತ್ತದೆ. ಸದಸ್ಯರ ಕೈಪುಸ್ತಕಗಳಲ್ಲಿ ಪ್ರತಿ ತಿಂಗಳೂ ಒಂದನೇ ತಾರೀಖಿನದೇ ಮೊಹರು. ಹಾಗಾಗಿ ಅವನು ಕೊನೆಯ ಚೌಕದಲ್ಲಿ ಕಣ್ಣು ಮುಚ್ಚಿ ಒಂದನ್ನು ಹಾಕಿದ. ಆ ಪ್ರಕಾರ ತಲಾ ಎಂಬತ್ತೆರಡು ಸಾವಿರದ ಮುನ್ನೂರ ನಲವತ್ತೊಂಬತ್ತು ಬರಬೇಕು. ಬಣ್ಣದ ಮಾವ ಲೆಕ್ಕ ಹಾಕಿ ಹಂಚಿದ್ದು ಎಂಬತ್ತೊಂದು ಸಾವಿರದ ಒಂಬೈನೂರ ನಲವತ್ತು. ಒಬ್ಬೊಬ್ಬರಿಗೆ ನಾನೂರ ಒಂಬತ್ತು ಕಡಿಮೆ. ಸದಸ್ಯರು ನೂರೈವತ್ತು ಜನ. ಗುಣಿಸಿದರೆ ಮಾವನ ಕೊರಳಿಗೆ ಬಿದ್ದ ಆ ಮೊತ್ತ.

ಸೊನ್ನೆ ಹಾಕಿದರೆ ಕೊರತೆಯೇ ಇಲ್ಲ. ಮಾವ ಪೆನ್ಸಿಲ್ಲಿನಲ್ಲಿ ಗೀಚಿ ಹಾಕಿದ ಲೆಕ್ಕಕ್ಕೂ ಈ ಯಂತ್ರಕ್ಕೂ ಕೂದಲೆಳೆಯ ಜಗಳವಿಲ್ಲ.

ಇಷ್ಟು ಸಂತೋಷದ ಸುದ್ದಿಗೆ ಹೆಂಡತಿ ನಗಬೇಕಿತ್ತು. ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು.

“ಅಯ್ಯೋ,” ಎಂದಳು ಬೆರಳುಗಳ ಸಂದಿಯಿಂದ. “ಎಂಥ ಕೆಲಸ ಮಾಡ್ಬಿಟ್ಟೆ ನಾನು. ಇದು ನಿನ್ನೆ ಬೆಳಿಗ್ಗೆನೇ ಹೊಳೀಬಾರ್ದಿತ್ತಾ?”

ಮೂರು ದಿನ ತಾನೂ ಆ ಒಂದನ್ನೇ ನಂಬಿದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಪತ್ತೇದಾರ, ತಡವಾದರೂ ಬಸ್ಸು ಸಿಕ್ಕಿತಲ್ಲ ಎಂದು ಅವಳ ತಲೆ ಸವರಿದ. ನಿನ್ನೆ ಸಂಜೆ ಬ್ಯಾಂಕಿನಿಂದ ಅವಳು ಎಂದಿಗಿಂತ ತಡವಾಗಿ, ಎಂದಿಗಿಂತ ಮೌನವಾಗಿ ಬಂದದ್ದು ಅವನ ನೆನಪಿನ ಒಂದು ಮೂಲೆಯಲ್ಲಿತ್ತು. ಊರವರ ಮುಖದ ಮೇಲಿನ ನೊಣವನ್ನೂ ಗುರುತಿಟ್ಟುಕೊಳ್ಳುವ ಕಣ್ಣು ಅದನ್ನು ಎತ್ತಿ ನೋಡಲಿಲ್ಲ. ದೀಪದ ಬುಡಕ್ಕೇ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿದರೇ.

*

ಆದರೆ ಆ ಸೊನ್ನೆಗೂ ಎರಡು ಮುಖವಿತ್ತು. ಅಂಗಿ ಹಾಕಿಕೊಳ್ಳುವಾಗ ಅದು ಅವನಿಗೆ ಹೊಳೆಯಿತು.

ಹಣ ತಿಂಗಳ ಕೊನೆಗೆ ನಿಧಿ ಸೇರಿತು, ಸರಿ. ಮೊಹರು ಮಾತ್ರ ಒಂದನೇ ತಾರೀಖಿನದು. ಹಾಗಾದರೆ ನಡುವಿನ ತಿಂಗಳಿಡೀ ಆ ದುಡ್ಡು ಎಲ್ಲಿತ್ತು? ಒಂದನೇ ತಾರೀಖು ಇಸಿದುಕೊಂಡು ಮಾವ ಅದನ್ನು ಬೇರೆ ಕಡೆ ಬಡ್ಡಿಗೆ ಬಿಟ್ಟು ತಿಂಗಳ ಕೊನೆಗೆ ತಂದು ಸುರಿದನೆಂದು ಯಾರಾದರೂ ಹೇಳಿದರೆ, ಈ ಸೊನ್ನೆ ಅದಕ್ಕೂ ತಲೆಯಾಡಿಸುತ್ತದೆ. ನಿಧಿಗೆ ಬೇರೆ ಖಾತೆಯೂ ಇಲ್ಲ. ಕಾರ್ಖಾನೆಯ ದೊಡ್ಡ ಖಾತೆ ಒಂದು ಸಮುದ್ರವಾದರೆ ಇದು ಅದಕ್ಕೆ ಸುರಿದ ತಂಬಿಗೆ ನೀರು. ಯಾವ ದಿನ ಸುರಿದರೆಂದು ಸಮುದ್ರವನ್ನು ಕೇಳಿದರೆ ಹೇಳೀತೇ?

ಮೇನೇಜರು ನೋಡಲು ಕೊಟ್ಟಿದ್ದ ಒಂದು ಕೈಪುಸ್ತಕ ಮೇಜಿನ ಮೇಲಿತ್ತು. ಗುಂಡಿಗಳಿಗೆ ಹೊಳಪು ಕೊಡುವ ವಿಭಾಗದ ಒಬ್ಬ ಹೆಂಗಸಿನದು. ಹಾಳೆ ತಿರುಗಿಸುತ್ತ ಹೋದ. ಮೊಹರು, ಮೊಹರು, ಮೊಹರು. ಒಂದೂ ಓರೆಯಿಲ್ಲ, ಒಂದೂ ಅವಸರದ್ದಲ್ಲ. ಒಂದು ಕಡೆ ಅವನ ಬೆರಳು ನಿಂತಿತು.

ಗುಂಡಿ ಅಚ್ಚೊತ್ತುವ ಮನೆಯ ಛಾವಣಿ ಅದರ ಹಿಂದಿನ ತಿಂಗಳ ಕೊನೆಗೆ ಕುಸಿದಿತ್ತು. ಕಾರ್ಖಾನೆಗೆ ಹದಿನೈದು ದಿನ ಬೀಗ. ಗೇಟಿನೊಳಗೆ ಬೆಕ್ಕಿಗೂ ಪ್ರವೇಶವಿರಲಿಲ್ಲ. ಕಾರ್ಖಾನೆಯ ಆವರಣದಲ್ಲೇ ಒಂದು ಕೋಣೆಯಲ್ಲಿ ಒಂಟಿಯಾಗಿ ಬದುಕುತ್ತಿದ್ದ ಮಾವ ಆಗ ಇವರ ಮನೆಗೆ ಬಂದು ಉಳಿದಿದ್ದ. ಆ ತಿಂಗಳ ಮೊದಲ ಬೆಳಿಗ್ಗೆ ಪತ್ತೇದಾರನಿಗೆ ಎಚ್ಚರವಾದದ್ದು ಒಂದು ಸದ್ದಿಗೆ. ಟಪ್. ಸ್ವಲ್ಪ ಬಿಟ್ಟು, ಟಪ್. ಅದರ ಜೊತೆಗೆ ಮಾವನ ಕಂಠ, ಬಾಯಿಪಾಠದ ಪದ್ಯವೊಂದನ್ನು ಯಾರಿಗೂ ಕೇಳಿಸದಂತೆ ತನಗೇ ಹೇಳಿಕೊಳ್ಳುತ್ತಿದ್ದ ಕಂಠ. ಪದ್ಯದ ಪ್ರತಿ ಸಾಲಿನ ಕೊನೆಗೆ ತಾಳ ಹಾಕಿದಂತೆ ಒಂದು ಟಪ್. ಹಾಸಿಗೆಯಲ್ಲೇ ಮಲಗಿ ಅದನ್ನು ಕೇಳುತ್ತ, ಚಿಕ್ಕವನಿದ್ದಾಗ ಹೀಗೇ ಎಷ್ಟು ಬೆಳಗುಗಳು ಆಗಿದ್ದವಲ್ಲ ಎಂದುಕೊಂಡು ಅವನು ಮತ್ತೆ ನಿದ್ದೆ ಹೋಗಿದ್ದ.

ಊಟದ ಮೇಜಿನ ಮೇಲೆ ಅವತ್ತು ಕೈಪುಸ್ತಕಗಳ ರಾಶಿಯಿತ್ತು. ಗೇಟಿಗೆ ಬೀಗವಿತ್ತು. ಹಣ ಕಟ್ಟಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಮೊಹರು ಮೊದಲು ಬಿತ್ತು. ದುಡ್ಡು ಆಮೇಲೆ ಬಂತು.

“ಅಂಕಿಗಳನ್ನ ಕಾಗದದ ಮೇಲೆ ಪ್ರಿಂಟ್ ತೆಗೆದು, ಕಂಪ್ಯೂಟರನ್ನೂ ತಗೊಂಡು ಕಾರ್ಖಾನೆಗೆ ಬಾ,” ಎಂದು ಹೆಂಡತಿಗೆ ಹೇಳಿದ. “ಮೇನೇಜರಿಗೆ ನೀನೇ ತೋರಿಸ್ಬೇಕು. ನಾನು ತೋರಿಸಿದ್ರೆ ಮತ್ತೆ ಕಳೆಯೋ ಗುರುತು ಮರೀತೀನಿ.”

ಅವಳು ನಗಲಿಲ್ಲ. ಚಪ್ಪಲಿ ಮೆಟ್ಟುತ್ತಿದ್ದವನನ್ನು ಬಾಗಿಲವರೆಗೆ ಹಿಂಬಾಲಿಸಿ ಬಂದು, “ರೀ,” ಎಂದಳು. ಏನೆಂದು ಕೇಳಿದರೆ, “ಏನಿಲ್ಲ, ಹೋಗ್ಬನ್ನಿ” ಎಂದಳು.

*

ಬಣ್ಣದ ಕೋಣೆ ಕಾರ್ಖಾನೆಯ ಹಿಂಭಾಗದಲ್ಲಿತ್ತು. ಬಿಸಿಲು ನೇರವಾಗಿ ಬೀಳದ ಒಂದೇ ದೊಡ್ಡ ಕಿಟಕಿ. ಗೋಡೆಯುದ್ದಕ್ಕೂ ಗಾಜಿನ ಭರಣಿಗಳು. ಇನ್ನೊಂದು ಗೋಡೆಗೆ ರಟ್ಟಿನ ಹಲಗೆಗಳು, ಅವುಗಳ ಮೇಲೆ ಸಾಲಾಗಿ ಹೊಲಿದ ಮಾದರಿ ಗುಂಡಿಗಳು. ಪ್ರತಿ ಗುಂಡಿಯ ಕೆಳಗೆ ಯಾವ ಬಣ್ಣ ಎಷ್ಟು ಬೆರೆಸಬೇಕೆಂಬ ಟಿಪ್ಪಣಿ.

ಕಳ್ಳನೆಂದು ಹೆಸರಿಟ್ಟ ಮೇಲೂ ಮಾವನನ್ನು ಇನ್ನೂ ಕೆಲಸದಿಂದ ಬಿಡಿಸಿರಲಿಲ್ಲ. ಯಾವುದೋ ದೊಡ್ಡ ಅಂಗಡಿಗೆ ಕಂದು ಗುಂಡಿ ಹೋಗಬೇಕಿತ್ತು. ಆ ಕಂದನ್ನು ಕೂಡಿಸಲು ಮತ್ತೊಬ್ಬರಿಗೆ ಬರುತ್ತಿರಲಿಲ್ಲ. ನಾಳೆ ಹಿಡಿದುಕೊಡುವವನನ್ನು ಇವತ್ತು ಸಂಜೆಯವರೆಗೆ ದುಡಿಸಿಕೊಳ್ಳುವುದರಲ್ಲಿ ಮೇನೇಜರಿಗೆ ಯಾವ ಮುಜುಗರವೂ ಕಂಡಿರಲಿಲ್ಲ. ಮಾವನಿಗೂ ಕಂಡಿರಲಿಲ್ಲ ಎಂಬುದೇ ಸೋಜಿಗ.

“ಬಾರೋ ಕುಳ್ಳ,” ಎಂದ ಮಾವ ತಿರುಗಿ ನೋಡದೆ. ಅಳಿಯ ಆರಡಿ ಬೆಳೆದು ಬಾಗಿಲಿಗೆ ತಲೆ ಬಗ್ಗಿಸಿ ಬರುವಂತಾಗಿ ಎಷ್ಟೋ ವರ್ಷವಾಗಿತ್ತು. ಮಾವನ ಬಾಯಲ್ಲಿ ಮಾತ್ರ ಅವನು ಬೆಳೆದಿರಲೇ ಇಲ್ಲ. “ತಿಂಡಿ ತಿಂದ್ಯಾ, ಇಲ್ಲ ನನ್ನ ಚಿಂತೇಲಿ ಅದನ್ನೂ ಬಿಟ್ಯಾ?”

“ಆರು ಬಂತು ಮಾವ.”

“ಏನು ಆರು?”

“ಬಡ್ಡಿ. ವರ್ಷಕ್ಕೆ ಆರೇ ಆರು. ದುಡ್ಡು ತಿಂಗಳ ಕೊನೇಲಿ ಕಟ್ಟಿದ್ದು ಅಂತ ಹೇಳಿದ್ರೆ.”

ಕಂದು ಕಲಕುತ್ತಿದ್ದ ಕಡ್ಡಿ ನಿಂತಿತು. ಮಾವನ ಉಗುರುಗಳಲ್ಲಿ ಆ ಕಂದೇ ಕೂತಿತ್ತು. ಬಾಲ್ಯದಲ್ಲಿ ಅಳಿಯ ಆ ಉಗುರುಗಳನ್ನು ನೋಡಿಯೇ ಕಾರ್ಖಾನೆಯಲ್ಲಿ ಅವತ್ತು ಯಾವ ಬಣ್ಣ ಎಂದು ಹೇಳುತ್ತಿದ್ದ. ಅವನ ಮೊದಲ ಪತ್ತೇದಾರಿಕೆ ಅದು. ಸಂಭಾವನೆಯಾಗಿ ಒಂದು ಗುಂಡಿ ಸಿಗುತ್ತಿತ್ತು.

“ಯಾರು ಬಾಯ್ಬಿಟ್ರು?” ಎಂದ ಮಾವ ಮೆಲ್ಲನೆ.

“ಯಾರೂ ಇಲ್ಲ. ಸೂತ್ರ ಹೇಳ್ತು.”

“ಮನುಷ್ಯರನ್ನ ಬಾಯಿ ಮುಚ್ಕೊಂಡಿರಿ ಅಂತ ಬೇಡ್ಕೋಬಹುದು,” ಎಂದು ಮಾವ ಕಡ್ಡಿಯನ್ನು ಒರೆಸಿ ಪಕ್ಕಕ್ಕಿಟ್ಟ. “ಅದನ್ನ ಹೇಗೆ ಬೇಡ್ಕೊಳ್ಳೋದು.”

ಕಾರ್ಖಾನೆ ಮುಚ್ಚಿದ್ದ ತಿಂಗಳ ಮೊಹರಿನ ಸದ್ದಿನ ಮಾತನ್ನೂ ಅಳಿಯ ಹೇಳಿದ. ಕೇಳಿಸಿಕೊಂಡ ಮಾವ ಮುಖ ತಿರುಗಿಸಿ, ಪದ್ಯ ಹೇಳದೆ ತನಗೆ ಕೈಯೇ ಏಳುವುದಿಲ್ಲ, ಎಲ್ಲ ಆ ಹಾಳು ಅಭ್ಯಾಸದಿಂದ ಎಂದು ಗೊಣಗಿದ. ಆಮೇಲೆ ಮಾತು ತಾನಾಗಿ ಹೊರಟಿತು.

ನಿಧಿ ಶುರುವಾದ ತಿಂಗಳ ಒಂದನೇ ತಾರೀಖು ನೂರೈವತ್ತು ಜನರಲ್ಲಿ ಯಾರ ಕೈಯಲ್ಲೂ ಐನೂರು ಇರಲಿಲ್ಲ. ನಿಯಮವೋ ಕಟ್ಟುನಿಟ್ಟು; ಒಂದು ದಿನ ತಡವಾದರೆ ಐವತ್ತು ದಂಡ. ಮಾವ ಎಲ್ಲರ ಪುಸ್ತಕಕ್ಕೂ ಮೊಹರು ಒತ್ತಿ, ಸಂಬಳವಾದ ಕೂಡಲೇ ತಂದುಕೊಡಿ ಎಂದ. ಸಂಬಳ ಆಗುವುದು ತಿಂಗಳ ಕೊನೆಗೆ. ತಂದುಕೊಟ್ಟರು. ಒಬ್ಬರೂ ತಪ್ಪಲಿಲ್ಲ. ಆದರೆ ಮಾರನೆಯ ದಿನವೇ ಮತ್ತೆ ಒಂದನೇ ತಾರೀಖು. ಮನೆ ಬಾಡಿಗೆ, ಅಂಗಡಿ ಬಾಕಿ ಕೊಟ್ಟ ಮೇಲೆ ಇನ್ನೊಂದು ಐನೂರು ಎಲ್ಲಿಂದ ಬರಬೇಕು? ಮಾವ ಮತ್ತೆ ಮೊಹರು ಒತ್ತಿದ. ಹೀಗೆ ಹತ್ತು ವರ್ಷ, ನೆರಳಿನ ಹಾಗೆ ಒಂದು ತಿಂಗಳು ಹಿಂದೆಯೇ ನಡೆದರು. ಬಡ್ಡಿಯನ್ನು ಮಾತ್ರ ಮಾವ ದುಡ್ಡು ನಿಜಕ್ಕೂ ಬಂದ ದಿನದಿಂದಲೇ ಲೆಕ್ಕ ಹಾಕಿದ. ಇಲ್ಲದಿದ್ದರೆ ಕಾರ್ಖಾನೆಗೆ ಮೋಸವಾಗುತ್ತದಲ್ಲ.

“ನೀನು ಇದನ್ನ ಹೇಳಿದ್ರೆ ಮುಗೀತಿತ್ತಲ್ಲ ಮಾವ.”

“ಹೇಳಿದ್ರೆ ನಂದು ಮುಗಿಯುತ್ತೆ. ಅವರದ್ದು ಶುರುವಾಗುತ್ತೆ.” ಮಾವ ಬೆರಳು ಮಡಿಸಿದ. “ಹತ್ತು ವರ್ಷ, ಪ್ರತಿ ತಿಂಗಳೂ ತಡ. ತಲೆಗೆ ಆರು ಸಾವಿರ ದಂಡ. ಅವರ ಹತ್ರ ಆ ದುಡ್ಡು ಇನ್ನೂ ಇದೆ ಅಂದ್ಕೊಂಡ್ಯಾ? ಹೊಳಪಿನ ಹೆಂಗಸು ಅದರಲ್ಲಿ ಹಲ್ಲು ಕಟ್ಟಿಸ್ಕೊಂಡ್ಳು. ಈಗ ನಗ್ತಾಳೆ, ಬಾಯಿ ತುಂಬ. ಹಲ್ಲು ಬಿಚ್ಚಿಕೊಡಮ್ಮ ಅನ್ನಲಾ?”

“ಅದಕ್ಕೆ ನೀನು ಜೈಲಿಗೆ ಹೋಗ್ತೀಯಾ?”

“ಒಂದು ತಲೆ ಸಾಕು ಕುಳ್ಳ. ಅದೂ ನರೆತ ತಲೆ.”

“ಆ ತಲೆ ನಂದೂ ಹೌದು,” ಎಂದ ಪತ್ತೇದಾರ. ಹೇಳಿ ಅವನು ಕಿಟಕಿಯ ಕಡೆ ನೋಡಿದ.

ಮಾವ ಎದ್ದು ಗೋಡೆಯ ಒಂದು ಹಲಗೆಯ ಬಳಿ ಹೋಗಿ ನಿಂತ. ಅಲ್ಲಿ ಸಾಲಿನ ನಡುವೆ ಒಂದು ಜಾಗ ಖಾಲಿಯಿತ್ತು. ಕೆಳಗೆ ಟಿಪ್ಪಣಿಯೂ ಇರಲಿಲ್ಲ.

“ನಿನ್ನ ಮದುವೆ ಕೋಟಿನ ಗುಂಡಿ ಬಣ್ಣ ಇಲ್ಲಿರಬೇಕಿತ್ತು,” ಎಂದ. ಬೆಳಕು ಹರಿಯುವ ಮೊದಲು ಆಕಾಶಕ್ಕೆ ಒಂದು ಗಳಿಗೆ ಬರುತ್ತದಲ್ಲ, ನೀಲಿಯೂ ಅಲ್ಲದ ಬೂದಿಯೂ ಅಲ್ಲದ ಬಣ್ಣ, ಅದು. ಅಳಿಯನ ಮದುವೆಯ ಸಂಭ್ರಮದಲ್ಲಿ ಮಾವ ಏನೇನೋ ಬೆರೆಸಿದ್ದ, ಎಷ್ಟೆಷ್ಟೆಂದು ಬರೆದಿಡಲು ಮರೆತಿದ್ದ. ಆಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಅದು ಮತ್ತೆ ಒಲಿಯಲಿಲ್ಲ. ಆದದ್ದು ಏಳೇ ಗುಂಡಿ. ಕೋಟಿಗೆ ಆರು ಹೋದವು. ಒಂದು ಕಳೆದರೆ ಇರಲಿ ಎಂದು ಏಳನೆಯದನ್ನು ಮದುಮಗಳ ಅಂಗೈಯಲ್ಲಿಟ್ಟು, ನನ್ನ ಅಳಿಯ ಗುಂಡಿ ಕಳೆಯುವುದರಲ್ಲಿ ನಿಸ್ಸೀಮ, ನೀನೇ ಕಾಯಬೇಕು ಎಂದಿದ್ದ.

“ಅದು ಇದೆಯಾ ಇನ್ನೂ?”

“ಅವಳ ಹೊಲಿಗೆ ಡಬ್ಬೀಲಿದೆ. ನಾನು ಮುಟ್ಟಿದ್ರೆ ಕೈಮೇಲೆ ಹೊಡೀತಾಳೆ.”

ಮಾವನ ಮುಖ ಅರಳಿತು. ಮೂರು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. ಈ ನಗುವನ್ನು ಹೇಗಾದರೂ ಉಳಿಸಿಕೊಳ್ಳಬೇಕು, ಆ ಹೊಳಪಿನ ಹೆಂಗಸಿನ ನಗುವನ್ನೂ ಉಳಿಸಬೇಕು. ಇವೆರಡರ ನಡುವೆ ಒಂದು ಸಣ್ಣ ದಾರಿ ಎಲ್ಲಾದರೂ ಇದ್ದೀತೇ ಎಂದು ಪತ್ತೇದಾರ ಹುಡುಕುತ್ತಿದ್ದ. ದಂಡ ಹಾಕುವುದೂ ಬಿಡುವುದೂ ಮೇನೇಜರ ಕೈಯಲ್ಲಿದೆ. ಮೇನೇಜರು ಕಲ್ಲಲ್ಲ. ದೂರು ಹೋಗುವುದು ನಾಳೆ. ಹೊತ್ತಿದೆ.

ಆಗ ಆಫೀಸಿನ ಜವಾನ ಬಂದು ಬಾಗಿಲಲ್ಲಿ ನಿಂತ. ಮೇನೇಜರು ಇಬ್ಬರನ್ನೂ ಕರೆಯುತ್ತಿದ್ದಾರೆ, ಈಗಲೇ ಬರಬೇಕಂತೆ.

*

ಮೇನೇಜರ ಮುಖದಲ್ಲಿ ಸಿಟ್ಟಿರಲಿಲ್ಲ. ಹಲ್ಲುನೋವು ನಿಂತವರ ಮುಖದಲ್ಲಿ ಇರುವಂಥ ನಿರಾಳವಿತ್ತು. ಕೂರಿ ಎಂದರು. ಮಾವ ಕೂರಲಿಲ್ಲ, ಬಣ್ಣದ ಬಟ್ಟೆ, ಕುರ್ಚಿಗೆ ಹತ್ತುತ್ತದೆ ಎಂದ. ಇಷ್ಟು ವರ್ಷ ಆ ಕೋಣೆಯಲ್ಲಿ ಅವನು ಹೇಳುತ್ತ ಬಂದ ಮಾತೇ ಅದು.

ಪತ್ತೇದಾರ ಸೊನ್ನೆಯ ವಿಷಯವನ್ನು ಎಲ್ಲಿಂದ ಎತ್ತಬೇಕೆಂದು ಯೋಚಿಸುತ್ತಿರುವಾಗಲೇ ಮೇನೇಜರು ಕೈ ಎತ್ತಿ ತಡೆದರು. ಇನ್ನು ಲೆಕ್ಕ ತೋರಿಸುವ ಅಗತ್ಯ ಉಳಿದಿಲ್ಲ ಎಂದರು. ಬೆಳಿಗ್ಗೆ ಬಂದು ಗೇಟಿನ ಟಪಾಲು ಪೆಟ್ಟಿಗೆ ತೆರೆದಾಗ ಪತ್ರಗಳ ಮೇಲೆ ಒಂದು ಗಂಟು ಬಿದ್ದಿತ್ತಂತೆ. ಹಳೆಯ ಕಾಲದ ಅಗಲ ಬಾಯಿಯ ಪೆಟ್ಟಿಗೆ. ರಾತ್ರಿ ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದು.

ಮೇಜಿನ ಖಾನೆ ಎಳೆದು, ಬಟ್ಟೆಯ ಒಂದು ಚೀಲವನ್ನು ಹೊರಗಿಟ್ಟರು.

“ಹಣ. ಎಣಿಸಿದೀನಿ,” ಎಂದರು. “ಲೆಕ್ಕ ತಪಾಸಣೆಯವನು ಹೇಳಿದ ಮೊತ್ತವೇ. ಚಿಲ್ಲರೆ ಕೂಡ ತಪ್ಪಿಲ್ಲ.”

ಪತ್ತೇದಾರನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಕಳೆಯದೇ ಇದ್ದ ಹಣ ಮರಳಿ ಬಂದಿತ್ತು. ಕದಿಯದೇ ಇದ್ದ ಕಳ್ಳ ಪಶ್ಚಾತ್ತಾಪ ಪಟ್ಟಿದ್ದ.

“ಪೊಲೀಸರ ತನಕ ಹೋಗೋ ಆಸೆ ನನಗೂ ಇರಲಿಲ್ಲ,” ಎಂದು ಮೇನೇಜರು ಮಾವನನ್ನು ನೋಡಿದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು, ಅದೇ ಕೆಟ್ಟದ್ದು. “ಆದ್ರೆ ನೀವೇ ಯೋಚಿಸಿ. ತಗೊಳ್ಳದೆ ಇರೋನು ವಾಪಸ್ ಯಾಕೆ ಕೊಡ್ತಾನೆ? ಇಲ್ಲೀತನಕ ಅನುಮಾನ ಇತ್ತು. ಈಗ ಅದೂ ಇಲ್ಲ. ಒಪ್ಕೊಂಡು ಒಂದು ಸಹಿ ಹಾಕಿದ್ರೆ ಸದ್ದಿಲ್ಲದೆ ಮುಗಿಸ್ಬಹುದು.”

ಸದ್ದಿಲ್ಲದೆ ಎಂದರೇನೆಂದು ಮೂವರಿಗೂ ಗೊತ್ತಿತ್ತು. ಈ ತಿಂಗಳು ನಿವೃತ್ತಿಯಾಗುವ ಮಾವ ಕಳ್ಳನೆಂಬ ಹೆಸರು ಹೊತ್ತು ಹಿಂಬಾಗಿಲಿನಿಂದ ಹೊರಡಬೇಕು. ಪೊಲೀಸರು ಬರುವುದಿಲ್ಲ. ನಲವತ್ತು ವರ್ಷದ ಮರ್ಯಾದೆಯೂ ಇರುವುದಿಲ್ಲ.

ಪತ್ತೇದಾರ ಚೀಲವನ್ನು ಹತ್ತಿರ ಎಳೆದುಕೊಂಡ. ಆ ಮೊತ್ತ ಯಾರಿಗೆ ಗೊತ್ತಿತ್ತು? ಲೆಕ್ಕ ತಪಾಸಣೆಯವನಿಗೆ. ಮೇನೇಜರಿಗೆ. ಗುಟ್ಟಾಗಿರಲೆಂದು ಮೇನೇಜರು ಕೊಟ್ಟ ಕಾಗದವನ್ನು ಮನೆಗೆ ಒಯ್ದ ತನಗೆ. ಮಾವನಿಗೆ ಸುಮಾರು ಎಷ್ಟೆಂದು ಗೊತ್ತಿರಬಹುದೇ ಹೊರತು ಚಿಲ್ಲರೆಯ ಸಮೇತ ಯಾರೂ ಹೇಳಿರಲಿಲ್ಲ.

ಚೀಲ ಗಟ್ಟಿ ಹತ್ತಿಬಟ್ಟೆಯದು. ಅವಸರದಲ್ಲಿ ಹೊಲಿದದ್ದು, ಆದರೆ ಹೊಲಿಯುವ ಕೈ ಪಳಗಿದ್ದು. ಎಳೆಗಳು ಅವಸರದಲ್ಲೂ ಸಾಲು ತಪ್ಪಿರಲಿಲ್ಲ. ಬಾಯಿಗೆ ಒಂದು ಮಡಿಕೆ, ಮಡಿಕೆಗೆ ಒಂದು ಕಾಜ, ಕಾಜದಲ್ಲಿ ಒಂದು ಗುಂಡಿ.

ಅವನು ಗುಂಡಿಯನ್ನು ಬೆಳಕಿಗೆ ಹಿಡಿದ.

ನೀಲಿಯಲ್ಲ. ಬೂದಿಯಲ್ಲ.

ಕಿವಿಯಲ್ಲಿ ಬೆಳಗಿನ ಮಾತು ಮತ್ತೆ ಕೇಳಿಸಿತು, ಈ ಸಲ ಸರಿಯಾಗಿ ಕೇಳಿಸಿತು. ಎಂಥ ಕೆಲಸ ಮಾಡ್ಬಿಟ್ಟೆ ನಾನು. ಇದು ನಿನ್ನೆ ಬೆಳಿಗ್ಗೆನೇ ಹೊಳೀಬಾರ್ದಿತ್ತಾ?

“ಆ ಗುಂಡಿ ನಮ್ಮ ಕಾರ್ಖಾನೇದೇ ಇರ್ಬೇಕು,” ಎಂದರು ಮೇನೇಜರು. “ಆದ್ರೆ ನಮ್ಮ ಯಾವ ಮಾದರೀಲೂ ಈ ಬಣ್ಣ ಇಲ್ಲ. ನಿಮಗೇನಾದ್ರೂ ಗುರುತು ಸಿಗುತ್ತಾ?”

ಕೇಳಿದ್ದು ಪತ್ತೇದಾರನನ್ನು. ಅವನು ತಲೆ ಎತ್ತಿದಾಗ ಮಾವನ ಕಣ್ಣು ಗುಂಡಿಯ ಮೇಲೆ ನೆಟ್ಟಿತ್ತು. ಬಣ್ಣದ ವಿಷಯದಲ್ಲಿ ಆ ಕಣ್ಣು ಬದುಕಿನಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ. ಮಾವ ಗುಂಡಿಯಿಂದ ಅಳಿಯನ ಮುಖಕ್ಕೆ, ಅಳಿಯನ ಮುಖದಿಂದ ಮತ್ತೆ ಗುಂಡಿಗೆ ನೋಡಿದ. ಆಮೇಲೆ, ಮೂರು ದಿನ ಯಾರು ಎಷ್ಟು ಕೇಳಿದರೂ ತೆರೆಯದಿದ್ದ ಬಾಯಿ, ಯಾರೂ ಕೇಳುವ ಮೊದಲೇ ತೆರೆಯಿತು.

“ನಂದು,” ಎಂದ ಮಾವ. “ಗುಂಡಿ ನಂದು. ದುಡ್ಡು ತಗೊಂಡಿದ್ದು ನಾನೇ, ಇಟ್ಟಿದ್ದೂ ನಾನೇ. ಎಲ್ಲಿ ಸಹಿ ಹಾಕ್ಬೇಕು ಹೇಳಿ, ಹಾಕ್ತೀನಿ. ಇವನ ಮನೆಯವರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.”

ಇವನ ಮನೆಯವರ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ.

ಮೇನೇಜರು ತಡೆದು ತಡೆದು ಪೆನ್ನಿನ ಮುಚ್ಚಳ ತೆಗೆದರು. ಇಪ್ಪತ್ತು ವರ್ಷ ಕಾರ್ಖಾನೆ ನಡೆಸಿದವರು. ಸುಳ್ಳು ರಜಾ ಅರ್ಜಿಗಳ ರಾಶಿಯನ್ನೇ ಓದಿದವರು. ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡು, ಅದರ ಮೇಲೆ ಅಂಗೈ ಮುಚ್ಚಿದರು.

“ಹಾಗಾದ್ರೆ ಒಂದೇ ಮಾತು,” ಎಂದರು. “ಇದರಲ್ಲಿ ಎಷ್ಟಿದೆ? ಕೊನೇ ಚಿಲ್ಲರೇತನಕ ಹೇಳಿ.”

ಮಾವನ ತುಟಿ ಅಲುಗಿತು. ಪದ್ಯದ ಸಾಲು ಮರೆತವನಂತೆ ಅವನು ಅಳಿಯನ ಕಡೆ ನೋಡಿದ. ಅಂಕಿ ಅಳಿಯನ ನಾಲಿಗೆಯ ತುದಿಯಲ್ಲೇ ಇತ್ತು; ಹೇಳಿದರೆ ಒಬ್ಬರು ಮುಳುಗುತ್ತಾರೆ, ಹೇಳದಿದ್ದರೆ ಇನ್ನೊಬ್ಬರು. ಗೋಡೆಯಾಚೆ ಯಂತ್ರ ಗುಂಡಿಗಳನ್ನು ಅಚ್ಚೊತ್ತುತ್ತಿತ್ತು, ಟಪ್, ಸ್ವಲ್ಪ ಬಿಟ್ಟು, ಟಪ್.

“ಅರವತ್ತೊಂದು ಸಾವಿರದ ಮುನ್ನೂರ ಐವತ್ತು.”

ದನಿ ಬಂದದ್ದು ಬಾಗಿಲ ಕಡೆಯಿಂದ. ಕಂಪ್ಯೂಟರನ್ನು ಎದೆಗವುಚಿಕೊಂಡು ಹೆಂಡತಿ ನಿಂತಿದ್ದಳು. ಓಡಿ ಬಂದವಳಂತೆ ಏದುಸಿರಿತ್ತು. ಕಣ್ಣು ಮಾತ್ರ ಶಾಂತವಾಗಿತ್ತು. ಅವಳು ಗಂಡನನ್ನು ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ.

“ಐವತ್ತರ ನೋಟು ಒಂದೇ ಇದೆ ಅದ್ರಲ್ಲಿ,” ಎಂದಳು. “ಮೂಲೆ ಹರಿದಿದೆ. ತೆಗೆದು ನೋಡಿ.”